ನಲವತ್ತೈದು ನಿಮಿಷದ ಚಳಿಗಾಲ

ಕಯಾನಿಯಲ್ಲಿ ಜನವರಿ. ಮಧ್ಯಾಹ್ನ ಮೂರಕ್ಕೇ ಕತ್ತಲು.
ಅಡುಗೆಮನೆಯ ಮೇಜಿನ ಮೇಲೆ
ಮಗಳ ಹಳೆಯ ಗಣಿತದ ನೋಟ್‌ಬುಕ್ಕು,
ಅದರ ಚೌಕಗಳಲ್ಲಿ ನಾನು
ನಾಳೆಯ ತರಗತಿಗೆ ಹಿಮ ತುಂಬುತ್ತಿದ್ದೇನೆ.

ಒಂದು: ಅಕಾರ್ಡಿಯನ್, ನಿಧಾನ. ನಿಮಿಷಕ್ಕೆ ಎಂಬತ್ತು ಸುತ್ತು.
ಹೇಳಬೇಕಾದ್ದು: ಬಾಗಿಲು ತೆರೆದಿದ್ದೀರಿ,
ಚಳಿ ಮೊದಲು ಮೂಗಿನ ತುದಿ ಮುಟ್ಟಿ ನೋಡುತ್ತದೆ.
ಭುಜ ಇಳಿಸಿ, ಕಿವಿಯಿಂದ ದೂರ,
ಗೂಟಕ್ಕೆ ಕೋಟು ತೂಗುಹಾಕಿದ ಹಾಗೆ.

ಎರಡು: ಬರೀ ಡ್ರಮ್ಮು.
ಹೊಸ ಹಿಮ, ಮೊಣಕಾಲಷ್ಟು. ಗೇರ್ ಒಂದು ಏರಿಸಿ.
ಹಿಟ್ಟು ನಾದುವ ಅಂಗೈಯಂತೆ ಪಾದ,
ಒತ್ತಿ, ಮಡಚಿ, ಒತ್ತಿ.
ತಾಯ್ಸ್ತೊ ನಗುತ್ತಾನೆ ಇದಕ್ಕೆ, ಗೊತ್ತು.
ಮೂವತ್ತೆರಡು ವರ್ಷ ಹಿಮ ಗುಡಿಸುವ ಲಾರಿ ಓಡಿಸಿದವನು;
ಹಿಮ ತುಳಿಯುವುದಲ್ಲ ಇರ್ಮೆಲಿ, ತಳ್ಳುವುದು
ಅನ್ನುತ್ತಾನೆ, ಕತ್ತು ಒರೆಸಿಕೊಳ್ಳುತ್ತ.

ಕಿಣಿಕಿಣಿ ಗಂಟೆಯ ಹಾಡುಗಳನ್ನೆಲ್ಲ ಹೊಡೆದುಹಾಕಿದ್ದೇನೆ.
ಗಲ್ಲಾದಲ್ಲಿ ಕೂರುವ ಏವಿ
ಅಕ್ಟೋಬರಿನಿಂದ ದಿನಕ್ಕೆ ಎಂಟು ಗಂಟೆ ಅವನ್ನೇ ಕೇಳಿದ್ದಾಳೆ.
ಅವಳಿಗೆ ಇನ್ನೊಂದು ಗಂಟೆ ಕೇಳಿಸಿದರೆ
ಸೈಕಲ್ಲಿಂದ ಇಳಿದೇ ಹೋಗುತ್ತಾಳೆ.

ಮೂರು, ನಾಲ್ಕು: ಏರು. ಸೀಟು ಬಿಟ್ಟು ಏಳಿ.
ತಾಳವನ್ನು ಚಮಚದಿಂದ ಮೇಜಿಗೆ ಕುಟ್ಟಿ ಎಣಿಸುತ್ತೇನೆ,
ಬೆಕ್ಕು ಎದ್ದು ಆಚೆ ಕೋಣೆಗೆ ಹೋಗುತ್ತದೆ.

ಐದು: ದೀಪ ಆರಿಸುವುದು.
ಸಮುದ್ರದಂಥ ನಮ್ಮ ಕೆರೆ, ಹೆಪ್ಪುಗಟ್ಟಿದೆ.
ಗೇರ್ ಇಳಿಸಿ. ಹಗುರ, ಬೇಗ, ನೂರಹತ್ತು,
ಕೆಳಗೆ ನೀರಿದೆ ಎಂಬುದನ್ನು ಮರೆತು

ಪೆನ್ನು ನಿಂತಿತು.

ಎರಡನೇ ಸಾಲು, ಫ್ಯಾನಿನ ಪಕ್ಕದ ಸೈಕಲ್ಲು: ಲೆಂಪಿ.
ಏಪ್ರಿಲಿನ ಮಂಜುಗಡ್ಡೆ ಮಾತಿಗೆ ತಪ್ಪುವ ಜಾತಿ.
ಅವಳ ಉರ್ಹೊ ಮೀನಿಗೆ ಹೋದವನು.
ಒಡೆದ ಅಂಚಿನಲ್ಲಿ ಗಾಳದ ಪೆಟ್ಟಿಗೆ ಸಿಕ್ಕಿತ್ತು,
ಮುಚ್ಚಳ ಭದ್ರವಾಗಿತ್ತು.
ಸೆಪ್ಟೆಂಬರಿನಿಂದ ಮತ್ತೆ ಬರುತ್ತಿದ್ದಾಳೆ, ಒಂದು ದಿನ ತಪ್ಪಿಸದೆ.

ಕೆರೆ ಹೊಡೆದುಹಾಕಿದೆ. ಕಾಡು ಎಂದು ಬರೆದೆ.
ಕಾಡಿನ ದಾರಿಗಳೂ ದಡಕ್ಕೇ ಹೋಗಿ ಮುಟ್ಟುತ್ತವೆ.
ಅದನ್ನೂ ಹೊಡೆದೆ.
ನೀರಿಲ್ಲದ ಚಳಿಗಾಲ ಎಲ್ಲಿಂದ ತರಲಿ?
ಹಿಮವೂ ಅದೇ, ಬಾಯಿಂದ ಹೊರಡುವ ಆವಿಯೂ ಅದೇ,
ಹಿಡಿಕೆಯಿಂದ ನೆಲಕ್ಕೆ ತೊಟ್ಟಿಕ್ಕುವ ಬೆವರೂ.
ಕೊನೆಗೆ ಬರೆದದ್ದು ಇಷ್ಟು:
ಐದು, ಮಾತಿಲ್ಲ.

ಗುರುವಾರ ಸಂಜೆ ಆರು. ಹನ್ನೆರಡು ಸೈಕಲ್ಲು,
ಎಲ್ಲೂ ಹೋಗದ ಹನ್ನೆರಡು ಚಕ್ರಗಳ ಗುಂಯ್‌ಗುಡುವಿಕೆ.
ಐದನೆಯ ಹಾಡು ಶುರುವಾಯಿತು. ದೀಪ ಉರಿಯುತ್ತಲೇ ಇತ್ತು.
ನಾನು ತುಟಿ ಬಿಗಿದು ಪೆಡಲ್ ತುಳಿದೆ.
ಅರ್ಧ ನಿಮಿಷ. ಒಂದು.

ಇರ್ಮೆಲಿ, ಈ ವರ್ಷ ಕೆರೆ ಇಲ್ಲವೇನು?

ತಲೆ ಎತ್ತದೆ ಕೇಳಿದಳು ಲೆಂಪಿ.
ಯಾರ ಕಾಲೂ ನಿಲ್ಲಲಿಲ್ಲ. ತಾಯ್ಸ್ತೊನ ಟವೆಲು
ಕತ್ತಿಗೂ ಕೈಗೂ ನಡುವೆ ಉಳಿಯಿತು.

ಇದೆ, ಅಂದೆ. ಹೋಗಿ ದೀಪ ಆರಿಸಿದೆ.

ಎಷ್ಟು ದಪ್ಪ?

ನನ್ನ ಚೌಕಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ.
ಕತ್ತಲಲ್ಲಿ ತಾಯ್ಸ್ತೊ ಕೆಮ್ಮಿದ:
ನಲವತ್ತೆರಡು ಸೆಂಟಿಮೀಟರ್.
ನಿನ್ನೆ ಬೆಳಿಗ್ಗೆ ಕೊರೆದು ನೋಡಿದ್ದೇನೆ,
ಧಕ್ಕೆಯಿಂದ ದ್ವೀಪದವರೆಗೆ, ಏಳು ಕಡೆ.

ಸರಿ, ಅಂದಳು.

ಗೇರ್ ಇಳಿಸಬೇಕಾದ ಜಾಗ ಅದು.
ಫ್ಯಾನಿನ ಪಕ್ಕದಿಂದ ತಿರುಪಿನ ಸದ್ದು ಕೇಳಿತು,
ಏರಿಸುತ್ತಿದ್ದಳು. ಒಂದು, ಇನ್ನೊಂದು,
ತನ್ನ ಪೂರಾ ಭಾರ ಹಾಕಿ
ನಿಧಾನವಾಗಿ ದಾಟಿದಳು, ನಮಗಿಂತ ಬಹಳ ಹಿಂದೆ.
ಹಾಡು ಮುಗಿಯಿತು. ಅವಳದು ಮುಗಿದಿರಲಿಲ್ಲ.
ಆರನೆಯದನ್ನು ಯಾರೂ ಕೇಳಲಿಲ್ಲ,
ನಾನೂ ಹಾಕಲಿಲ್ಲ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ತಿದ್ದಿದೆ:
ಐದನೆಯದಕ್ಕೆ ಇನ್ನೂ ಉದ್ದದ ಹಾಡು ಬೇಕು.
ದಪ್ಪ ಎಷ್ಟೆಂದು ಪ್ರತಿ ಬುಧವಾರ
ತಾಯ್ಸ್ತೊಗೆ ಫೋನ್ ಮಾಡುವುದು.