ಮೆಟ್ಟಿಲ ಲೆಕ್ಕ

ಪೌರಪ್ರಜ್ಞೆ ಎಂಬ ವಿಷಯಕ್ಕೆ ನಮಗೆ ಮೂರು ಕ್ರೆಡಿಟ್,
ಮೂವತ್ತು ಗಂಟೆ ಸೇವೆ, ಒಂದು ನಮೂನೆ.
ನಮೂನೆಯ ಮೊದಲ ಕಾಲಮು: ರಾಷ್ಟ್ರೀಯತೆ.
ನಾನು ಹುಟ್ಟಿದ್ದು ಇದೇ ಶಾರ್ಜಾ, ರೋಲಾದ ಹಿಂದಿನ ಓಣಿ.
ನಾನಿನ್ನೂ ಇಲ್ಲಿರಬಹುದೇ ಎಂದು
ಎರಡು ವರ್ಷಕ್ಕೊಮ್ಮೆ ಉಪ್ಪ
ಟೈಪಿಂಗ್ ಸೆಂಟರಿಗೆ ಹೋಗಿ ಕೇಳಿ ಬರುತ್ತಾರೆ.

ಆ ಏಪ್ರಿಲಿನಲ್ಲಿ ಮಳೆ ಬಂತು.
ನಾಲ್ಕು ಹನಿ ಬಿದ್ದರೆ ಬಾಲ್ಕನಿಗೆ ಓಡುವ ಊರು ಇದು;
ಎರಡನೆಯ ದಿನ ಯಾರೂ ಓಡಲಿಲ್ಲ.
ನೆಲಮಾಳಿಗೆಯಲ್ಲಿ ಕಾರುಗಳು ಮೂತಿ ಎತ್ತಿ ತೇಲಿದವು.
ಪಂಪು ಮುಳುಗಿತು, ಲಿಫ್ಟು ನಿಂತಿತು.
ಬಾಗಿಲಲ್ಲಿ ಸೊಂಟಮಟ್ಟ ನೀರು,
ನಲ್ಲಿಯಲ್ಲಿ ಬರೀ ಗೊರಗೊರ.

ಯಾರು ಯಾರನ್ನು ಕರೆದರೋ ಗೊತ್ತಿಲ್ಲ.
ತನ್ನ ಊರಿನ ಕಾಲೇಜು ಯುದ್ಧಕ್ಕೆ ಮುಚ್ಚಿದ ಮೇಲೆ
ನಮ್ಮ ತರಗತಿಗೆ ಬಂದ ಸುಡಾನಿನ ಇಜ್ಲಾಲ್,
ಸೆಬುವಿನ ರೊವೆಲಿನ್, ರಬ್ಬರಿನ ಚಪ್ಪಲಿ ಕೈಯಲ್ಲಿ.
ಅಣ್ಣನ ಜೀಪಿನ ತುಂಬ ನೀರಿನ ಕ್ಯಾನು ತಂದು
ಸಿಗ್ನಲ್ಲಿನ ಬಳಿ ಬಿಟ್ಟು,
ಅಬಾಯಾ ಎತ್ತಿ ಕಟ್ಟಿ ನಡೆದೇ ಬಂದಳು ಶಮ್ಮಾ.
ಹಿಂದಿನ ವಾರ ಚರ್ಚಾಕೂಟದಲ್ಲಿ
ಗಡಿಯ ಮಾತಿಗೆ ಜಗಳವಾಗಿ
ನನ್ನೊಡನೆ ಮಾತು ಬಿಟ್ಟಿದ್ದ ಪೇಶಾವರದ ಝರ್ಯಾಬ್
ಸರಿಯಾಗಿ ನನ್ನ ಕೆಳಗಿನ ಮೆಟ್ಟಿಲಲ್ಲೇ ನಿಂತ.

ಮಾತಿರಲಿಲ್ಲ. ಕ್ಯಾನು ಬಂತು, ಕ್ಯಾನು ಹೋಯಿತು.

ಹನ್ನೊಂದು ಮಹಡಿ. ಎಣಿಸುತ್ತಾ ಹತ್ತಿಸಿದೆವು.
ಅವನು ಯವ್, ದ್ವಾ; ಮೇಲಿನವಳು ಈಸಾ, ದಲವಾ;
ನಾನು ಮನೆಯ ಬ್ಯಾರಿಯಲ್ಲಿ ಶುರುಮಾಡಿ
ಹತ್ತು ದಾಟಿದ್ದೇ ಕನ್ನಡಕ್ಕೆ ಜಾರಿದೆ.
ಒಗ್ಗರಣೆಯ ಸದ್ದಿನ ನಡುವೆ
ಉಮ್ಮ ಬಾಯಿಪಾಠ ಮಾಡಿಸಿದ ಮಗ್ಗಿ ಅದು.
ಎಪ್ಪತ್ತರ ಹತ್ತಿರ ಎಲ್ಲರ ಲೆಕ್ಕವೂ ಬೇರೆಯಾಯಿತು.
ಯಾರದು ಸರಿ ಎಂದು ಕೇಳಲು ಉಸಿರಿರಲಿಲ್ಲ.

ಒಂಬತ್ತನೆಯ ಮಹಡಿಯ ನಾಲ್ಕನೆಯ ಬಾಗಿಲು ತೆರೆಯಲಿಲ್ಲ.
ಪಟ್ಟಿಯಲ್ಲಿ ಅಲ್ಲಿರುವವರು ನಾಲ್ಕು.
ನಾತೂರ್ ಧನಬಹಾದುರ ಗೋಡೆ ನೋಡುತ್ತಾ
ಯಾರಿಗೂ ಅಲ್ಲವೆಂಬಂತೆ ಹೇಳಿದ:
ಒಳಗೆ ಹನ್ನೆರಡು ಜನ. ಟೈಲರುಗಳು. ಹೆದರಿದ್ದಾರೆ.
ಬಾಗಿಲ ಹೊರಗೆ ಚಪ್ಪಲಿ ಎಂಟೇ ಜೊತೆ;
ಉಳಿದವನ್ನು ಒಳಗೆಳೆದುಕೊಂಡಿರಬೇಕು.

ನಾವೆಲ್ಲ ಶಮ್ಮಾಳನ್ನು ನೋಡಿದೆವು.
ಆ ಮೆಟ್ಟಿಲ ಮೇಲೆ ಈ ನೆಲದ ಪ್ರಜೆ ಅವಳೊಬ್ಬಳೇ.
ಅವಳು ಪಟ್ಟಿ ನೋಡಿದಳು, ಚಪ್ಪಲಿ ನೋಡಿದಳು.
ಪಟ್ಟಿ ನಾಲ್ಕಾಗಿ ಮಡಚಿ ಜೇಬಿಗಿಟ್ಟಳು.
“ಹನ್ನೆರಡು ಇಡಿ” ಅಂದಳು, ಅಷ್ಟೇ.
ಇಟ್ಟು, ಬೇಕೆಂದೇ ಜೋರಾಗಿ ಹೆಜ್ಜೆ ಹಾಕುತ್ತಾ
ಎಲ್ಲರೂ ಮೇಲಿನ ಮಹಡಿಗೆ ಹೋದೆವು.
ಕೆಳಗೆ ಚಿಲಕ ಮೆಲ್ಲಗೆ ಸರಿದ ಸದ್ದು.

ತಿಂಗಳ ಕೊನೆಗೆ ನಮೂನೆ ಹಿಂದೆ ಬಂತು.
ಮೇಲ್ವಿಚಾರಕರ ಜಾಗದಲ್ಲಿ
ಧನಬಹಾದುರನ ನೇಪಾಳಿ ಸಹಿ, ಪರವಾಗಿಲ್ಲವಂತೆ.
“ಫಲಾನುಭವಿಗಳ ಸಂಖ್ಯೆ ಖಾಲಿ ಇದೆ, ತುಂಬಿಸಿ ಕೊಡಿ.”
ಪೆನ್ನು ಹಿಡಿದು ತುಂಬ ಹೊತ್ತು ಕೂತೆ.
ನಾಲ್ಕು ಎಂದರೆ ಸುಳ್ಳು.
ಹನ್ನೆರಡು ಎಂದರೆ ಯಾರೋ ಬಾಗಿಲು ಬಡಿದಾರು.
ಖಾಲಿಯೇ ಕೊಟ್ಟೆ. ಎರಡು ಅಂಕ ಹೋಯಿತು.

ಈಗ ಲಿಫ್ಟು ಸರಿಯಾಗಿದೆ. ಗೋಡೆಯಲ್ಲಿ
ನೀರು ನಿಂತ ಗೆರೆಯ ಮೇಲೆ ಹೊಸ ಬಣ್ಣ.
ಝರ್ಯಾಬ್ ಮೊನ್ನೆ ಕರಕ್ ಅಂಗಡಿಯ ಮುಂದೆ ಸಿಕ್ಕ,
ಮತ್ತೆ ಜಗಳಕ್ಕೇ ಬಂದ:
ಮೆಟ್ಟಿಲು ಎರಡುನೂರಂತೆ.
ನೂರತೊಂಬತ್ತೆಂಟು, ಅಂದೆ.
ಟೀ ಆರುವ ತನಕ ಇಬ್ಬರೂ ಸೋಲಲಿಲ್ಲ.