ಕಿವಿಯ ಕೆಳಗ ಒಂದು ಹೆಬ್ಬೆರಳು

ಏಳನೇ ಸಾಲಿಗೆ ಬಂದು ಹುಡುಗನ ಪೆನ್ನು ನಿಂತ್ತು.
"ಅಕ್ಕಾರ, ಸಂಬಂಧ ಏನ್ ಬರೀಲಿ?
ತಾಯಿ ಐತಿ, ತಂದಿ ಐತಿ, ಗಂಡ-ಹೆಂಡತಿ ಐತಿ,
ನಾದಿನಿ ಅನ್ನೂದು ಇದರಾಗ ಇಲ್ಲ."

ಇಲ್ಲ ಅಂದ್ರ ಇಲ್ಲ ಬಿಡು.
ನನ್ನ ಕುಬಸದ ತೋಳಿನ ಮ್ಯಾಲ ಅಕಿ ಜೊಲ್ಲು ಇನ್ನೂ ಒಣಗಿಲ್ಲ.
ನಸಕಿನ್ಯಾಗ ನಾಕಕ್ಕ ಎದ್ದು
ಅಕಿನ್ನ ಮಗ್ಗಲಾ ಹೊಳ್ಳಿಸಿ, ಅರಿವಿ ಬದಲಿ ಮಾಡಿ,
ನುಚ್ಚು ಮಜ್ಜಿಗಿ ಚಮಚೆ ಚಮಚೆ ನುಂಗಿಸಿ,
"ಹನ್ನೊಂದಕ್ಕೊಮ್ಮೆ ಹಣಿಕಿ ಹಾಕ್ರಿ" ಅಂತ ಬಾಜೂಮನಿ ಹಸೀನಾಬಿಗೆ ಹೇಳಿ
ಬನಹಟ್ಟಿಯಿಂದ ಬಸ್ಸಿನ್ಯಾಗ ನಿಂತ ಬಂದೀನಿ,
ನವನಗರದಾಗ ಸೆಕ್ಟರ್ ನಂಬರ್ ಕೇಳಕೋತ, ಕೇಳಕೋತ.

"ಉದ್ಯೋಗ?"
ಕಂಡಕಿ ಸುತ್ತತೇನಿ, ಅಂದೆ.
"ಹಂಗಂದ್ರ ಆದಾಯ ಐತಿ ಅಂತಾತು."
ಹಂಗಾರ ಏನೂ ಇಲ್ಲ ಅಂತ ಬರಿ.
ಅಂವ ಬರದ: ಏನೂ ಇಲ್ಲ.
ಹತ್ತೊಂಬತ್ತು ವರ್ಷ ಅಷ್ಟು ಸಣ್ಣ ಜಾಗಾದಾಗ ಹಿಡೀತಾವಂತ
ನನಗ ಇವತ್ತ ಗೊತ್ತಾತು.

ನಾ ಮದುವ್ಯಾಗಿ ಬಂದಾಗ ಕಸ್ತೂರಿಗೆ ಒಂಬತ್ತು.
ಮೂಲ್ಯಾಗಿನ ಕೌದಿ ಮ್ಯಾಲ ಒಂದು ನಗಿ ಬಿದ್ದಿತ್ತು,
ಕೈಕಾಲು ಮಾತ್ರ ಸಿಕ್ಕಾದ ನೂಲಿನಂಗ.
ಅತ್ತಿ ನನ್ನ ಕೈಯಾಗ ಕೀಲಿಕೈ ಕೊಡಲಿಲ್ಲ, ಅಕಿನ್ನ ಕೊಟ್ಲು.
ಆಮ್ಯಾಲ ಅತ್ತಿ ಹೋದ್ಲು. ಗಂಡ ಹೋದ.
ಹೋದ ಅಂದ್ರ ಸತ್ತ ಅಂತಲ್ಲ, ಇಚಲಕರಂಜಿಗೆ.
ಅಲ್ಲೆ ಮಗ್ಗ ಭಾಳ ಅದಾವಂತ, ಮತ್ತೊಂದು ಮನೀನೂ ಐತಂತ.
"ಅಕಿ ನಿನಗೇನಾಗಬೇಕು, ತವರಿಗೆ ನಡಿ" ಅಂದ ನಮ್ಮಣ್ಣ.
ಹೌದಲ್ಲ, ಏನಾಗಬೇಕು? ಅನಕೋತ ಅಕಿ ಬಾಯಿ ಒರಿಸಿದೆ.
ಒರಿಸೂದು ಮುಗಿಯೂದ್ರಾಗ ಕೇಳಿದ್ದು ಮರತೆ.

"ನೀವ ನೋಡ್ಕೋತೀರಿ ಅನ್ನಾಕ ಪುರಾವೆ?"
ಒಳಗಿನ ಸಾಹೇಬ್ರ ಮಾತಿನ್ಯಾಗ ಸಿಟ್ಟಿರಲಿಲ್ಲ,
ಊಟದ ಹೊತ್ತಾಗಿತ್ತು, ಅಷ್ಟ.
ಪುರಾವೆ.
ನನ್ನ ಟೊಂಕ ಬಿಚ್ಚಿ ಇಡಲ್ಯಾ ಟೇಬಲ್ ಮ್ಯಾಲ?
ಅಕಿ ಬೆನ್ನ ನೋಡ್ರಿ ಬೇಕಾದ್ರ, ಒಂದು ಹುಣ್ಣಿಲ್ಲ.
ಆದ್ರ ಇಲ್ಲದ ಹುಣ್ಣಿಗೆ
ಯಾವ ಡಾಕ್ಟರ್ ಸರ್ಟಿಫಿಕೇಟ್ ಬರದ ಕೊಡತಾನ?

ಚೀಲದಾಗ ಕೈ ಹಾಕಿ ಅಕಿ ಗುರುತಿನ ಕಾರ್ಡ್ ತಗದೆ.
ಆ ಫೋಟೋಕ್ಕ ಮೂರ ಸಲ ಜಮಖಂಡಿಗೆ ಹೊತಗೊಂಡ ಹೋಗಿದ್ದೆ.
ಬಿಳೇ ಪಡದೆ ಹಿಂದ ನಾ ಕುಂತು ಕುತಗಿ ಹಿಡದ್ರ
"ಕೈ ಕಾಣಾಕತ್ತೈತಿ, ತಗೀರಿ" ಅಂದ ಸ್ಟುಡಿಯೋದಾಂವ.
ತಗದೆ. ತಲಿ ಎದಿ ಮ್ಯಾಲ ಬಿತ್ತು.
"ಹಿಡೀರಿ." ಹಿಡದೆ. "ತಗೀರಿ." ತಗದೆ.
ಕಡೀಕ ಅಂವ ಕಂಪ್ಯೂಟರಿನ್ಯಾಗ ನನ್ನನ್ನ ಅಳಿಸಿದ:
ಮೊದಲ ಮೊಣಕೈ, ಆಮ್ಯಾಲ ಬಳಿ, ಆಮ್ಯಾಲ ನಾಕ ಬೆರಳ.
ಒಂದ ಉಳೀತು.
ಅಕಿ ಬಲಗಿವಿ ಕೆಳಗ, ಲೋಲಾಕಿನಂಗ,
ನನ್ನ ಹೆಬ್ಬೆರಳಿನ ತುದಿ.

"ಇದು ನಂದು" ಅಂದೆ.

ಸಾಹೇಬ್ರು ಕಾರ್ಡ್ ಕಿಡಕಿ ಬೆಳಕಿಗೆ ಹಿಡದ್ರು.
ನನ್ನ ಕೈ ನೋಡಿದ್ರು. ಉಗುರಿನ ಬುಡಕ ನೂಲು ಕೊಯ್ದ ಗೆರಿ
ಅಲ್ಲೂ ಐತಿ, ಇಲ್ಲೂ ಐತಿ.
ಡಬ್ಬಿ ಮುಚ್ಚಳ ತಗದಾವ್ರು ಮತ್ತ ಮುಚ್ಚಿದ್ರು.
"ಊರಾಗಿನ ಇಬ್ಬರ ಸಹಿ ಹಾಕಿಸಿ ಪಂಚನಾಮೆ ತರ್ರಿ.
ಈ ಸೋಮಾರ ಬ್ಯಾಡ, ಮುಂದಿನ ಸೋಮಾರ."
ಹೊರಗ ಬಂದ್ರ ಹುಡುಗ ಏಳನೇ ಸಾಲಿನ್ಯಾಗ
ತಾನ ಒಂದು ಚೌಕ ಗೀಚಿ, ಪೆನ್ಸಿಲ್‌ಲೆ "ನಾದಿನಿ" ಅಂತ ಬರದಿದ್ದ.
ಅದು ನಿಲ್ಲತೈತೋ, ಯಾರರೆ ಅಳಸತಾರೋ.

ದೀಪ ಹಚ್ಚೂ ಹೊತ್ತಿಗೆ ಮನಿ ಮುಟ್ಟಿದೆ.
ಹಸೀನಾಬಿ ಇಟ್ಟ ದಿಂಬಿನಿಂದ ತಲಿ ಜರದಿತ್ತು.
ಕುತಗಿ ಕೆಳಗ ಕೈ ಹಾಕಿದೆ,
ಹೆಬ್ಬೆರಳು ತನ್ನ ಜಾಗಾ ತಾನ ಹುಡಿಕ್ಕೊಂತು.
"ಮುಂದಿನ ಸೋಮಾರಂತ, ಕಸ್ತೂರಿ" ಅಂದೆ.
ನಕ್ಕಳು.
ಸೋಮಾರ ಅಂದ್ರ ಅಕಿಗೆ ಮೊದಲಿಂದ ನಗಿ,
ಯಾಕಂತ ಇಷ್ಟ ವರ್ಷಾದ್ರೂ ನನಗ ತಿಳದಿಲ್ಲ.