ಇಪ್ಪತ್ತೈದನೇ ತಾರೀಖಿನೊಳಗೆ

ಕೌಲ್ ಬಜಾರಿನ ಸೇವಾ ಕೇಂದ್ರದಲ್ಲಿ
ನನ್ನ ಕಾಗದಗಳನ್ನು ಎರಡೆರಡು ಸಲ ತಿರುವಿ
ಕನ್ನಡಕ ಹಣೆಗೇರಿಸಿದ ಜಿಲಾನ್ ಅಣ್ಣ:
'ಆಧಾರಿನಾಗೆ ಯರ್ರೆಮ್ಮ, ಮಾರ್ಕ್ಸ್ ಕಾರ್ಡಿನಾಗೆ ಎರ್ರೆಮ್ಮ.
ಇಬ್ಬರಲ್ಲಿ ಯಾರಿಗಮ್ಮ ಕೆಲಸ ಇಲ್ಲ?'

ಅವ್ವ ಹರಕೆ ಹೊತ್ತು ತಾತನ ಹೆಸರಿಟ್ಟಳು.
ಯಾವ ಅಕ್ಷರದಿಂದ ಶುರು ಅಂತ
ತಾತ ಹೇಳಿರಲಿಲ್ಲ.
ಒಂದು ವೈ ಅಕ್ಷರಕ್ಕೆ ಮೂರು ವಾರ,
ಕೋರ್ಟಿನ ಮುಂದೆ ಬೇವಿನ ನೆರಳಲ್ಲಿ ನೋಟರಿ,
ಇಪ್ಪತ್ತರ ಛಾಪಾ ಕಾಗದಕ್ಕೆ ಮುನ್ನೂರು,
ಡಿಗ್ರಿ ಇನ್ನೂ ಕಂಪ್ಯೂಟರಿಗೆ ಏರಿಲ್ಲವೆಂದು
ಕಂಟೋನ್ಮೆಂಟಿನ ಆಚೆ ಯೂನಿವರ್ಸಿಟಿಗೆ ನಾಲ್ಕು ಸಲ.
ಅಲ್ಲಿಯ ಗುಮಾಸ್ತರು ಪ್ರತಿ ಸಲವೂ
ಈಗಷ್ಟೇ ಊಟಕ್ಕೆ ಎದ್ದಿದ್ದರು.

ಪಾಸಾಗಿ ನೂರೆಂಬತ್ತು ದಿನ
ಕೆಲಸ ಸಿಗದಂತೆ ಹುಷಾರಾಗಿರಬೇಕು ಎಂದಿದ್ದ ಜಿಲಾನ್ ಅಣ್ಣ.
ಅಷ್ಟು ಹುಷಾರು ನನಗೆ ಬೇಕಾಗಲಿಲ್ಲ.

ಮಂಜೂರಾಯಿತು. ಆಮೇಲೆ ತಿಂಗಳ ಲೆಕ್ಕ.
ಇಪ್ಪತ್ತೈದರೊಳಗೆ ಒಳಹೊಕ್ಕು ಒಪ್ಪಿಕೊಳ್ಳಬೇಕು:
ನಾನು ಓದುತ್ತಿಲ್ಲ.
ನೌಕರಿ ಮಾಡುತ್ತಿಲ್ಲ.
ಸ್ವಂತ ಉದ್ಯೋಗ ಮಾಡುತ್ತಿಲ್ಲ.
ಮೂರು ಇಲ್ಲಕ್ಕೆ ಮೂರು ಸಾವಿರ.
ಇಷ್ಟು ಬೆಲೆಯ ಇಲ್ಲ ನಮ್ಮ ಮನೆ ಕಂಡಿರಲಿಲ್ಲ.
ನಮ್ಮಲ್ಲಿ ಇಲ್ಲಗಳೆಲ್ಲ ಪುಕ್ಕಟೆ.

ಓಟಿಪಿ ಹೋಗುವುದು ಅವ್ವನ ಫೋನಿಗೆ.
ಅವ್ವ ಇರುವುದು ಜೀನ್ಸ್ ತೊಳೆಯುವ ಶೆಡ್ಡಿನಲ್ಲಿ,
ಮೊಣಕೈತನಕ ನೀಲಿ ನೀರಲ್ಲಿ.
ಯಾರದೋ ಕೈಲಿ ಓದಿಸಿ, ಯಂತ್ರದ ಸದ್ದಿನ ಮೇಲೆ
ಒಂದೊಂದೇ ಅಂಕಿ ಕೂಗುತ್ತಾಳೆ:
'ನಾಕು... ಏಳು... ಸೊನ್ನಿ...
ಇದೊಂದು ಸೊನ್ನಿನೋ ಎಂಟೋ, ತಡಿ.'
ತಡೆಯುವಷ್ಟರಲ್ಲಿ ಸಮಯ ಮೀರಿತು.
ಮತ್ತೊಮ್ಮೆ ಕಳಿಸು ಎಂದು ಒತ್ತುತ್ತೇನೆ.

ಒತ್ತುವ ಬೆರಳೂ ನೀಲಿಯೇ.
ಸಂಜೆ ಕಟ್ಟೆಬಸವ ಎಕ್ಸೆಲ್ ಗಾಡಿ ಮೇಲಿಂದ
ಪ್ಯಾಂಟಿನ ಗಂಟು ಇಳಿಸಿ ಹೋಗುತ್ತಾನೆ.
ಹೊಲಿಗೆಯ ತುದಿಯ ದಾರ ಕತ್ತರಿಸಬೇಕು,
ಪೀಸಿಗೆ ಒಂದೂಕಾಲು ರೂಪಾಯಿ.
ಇದು ಕೆಲಸವಾ ಅಂತ ಒಮ್ಮೆ ಕೇಳಿಯೇಬಿಟ್ಟೆ.
'ಪಿಎಫ್ ಹಿಡೀತಾರಾ?'
ಇಲ್ಲ.
'ಸಂಬಳದ ಚೀಟಿ?'
ಇಲ್ಲ.
'ಭಾನುವಾರ ರಜಾ?'
ಇಲ್ಲ.
'ಹಂಗಾದ್ರೆ ಅದು ಕೆಲಸ ಅಲ್ಲ ಬಿಡು, ಟಿಕ್ ಹಾಕು.'
ಹಾಕಿದೆ. ಬೆರಳು ಮಾತ್ರ ಒಂದು ಗಳಿಗೆ ನಿಂತಿತ್ತು,
ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ
ತಾನಾಗಿಯೇ ಕಣ್ಣಿಗೆ ಬಿದ್ದಾಗ ನಿಲ್ಲುವಂತೆ.

ಬಂದದ್ದರಲ್ಲಿ ಸಾವಿರ ಅವ್ವನ ಕೈಗೆ,
ಸಂಘದ ಕಂತಿಗೆ ಎಂಟುನೂರು,
ಉಳಿದದ್ದು ಅರ್ಜಿ ಶುಲ್ಕ.
ಗ್ರಂಥಪಾಲಕಿ, ಬಿಲ್ ಕಲೆಕ್ಟರ್, ಜೈಲು ವಾರ್ಡರ್,
ಎತ್ತರ ಎರಡು ಸೆಂಟಿಮೀಟರ್ ಕಡಿಮೆ.

ಯುಗಾದಿ ತಿಂಗಳು ಮರೆತೆ.
ರಾತ್ರಿಗೆ ಇನ್ನೂರು ಪ್ಯಾಂಟು ಬರುತ್ತಿದ್ದವು.
ಕೆಲಸವಿಲ್ಲವೆಂದು ಹೇಳಲಿಕ್ಕೂ
ಪುರಸೊತ್ತಿಲ್ಲದ ತಿಂಗಳು ಅದು.
ಇಪ್ಪತ್ತಾರಕ್ಕೆ ಓಡಿದೆ. ಜಿಲಾನ್ ಅಣ್ಣ ತಲೆ ಅಲ್ಲಾಡಿಸಿ
ಒಂದು ಲೋಟ ಚಹಾ ಕೊಡಿಸಿದ,
ಅದಕ್ಕೆ ರಸೀದಿ ಇರಲಿಲ್ಲ.

ಮೊನ್ನೆ ಎರಡು ವರ್ಷ ಮುಗಿಯಿತು.
ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದ:
ಅವಧಿ ಪೂರ್ಣಗೊಂಡಿದೆ.
'ಪಾಸಾದಿ ನೋಡು' ಎಂದ.
ಇಬ್ಬರೂ ನಕ್ಕೆವು. ಹಿಂದಿನ ಸಾಲಿನ ಹುಡುಗ ನಗಲಿಲ್ಲ,
ಅವನದಿನ್ನೂ ನಾಲ್ಕನೇ ತಿಂಗಳು.

ಇಪ್ಪತ್ತನಾಲ್ಕರ ರಾತ್ರಿ ಈಗಲೂ ಎಚ್ಚರವಾಗುತ್ತದೆ.
ಕತ್ತಲಲ್ಲಿ ಅವ್ವನ ಫೋನು ಮುಟ್ಟಿ ನೋಡುತ್ತೇನೆ,
ತಣ್ಣಗಿದೆ.
ತಿಂಗಳಿಗೊಮ್ಮೆಯಾದರೂ ತಪ್ಪದೆ ಕೇಳುತ್ತಿತ್ತು
ಏನು ಮಾಡುತ್ತಿದ್ದೀ ಅಂತ.

ಅವ್ವ ನಿದ್ದೆಗಣ್ಣಲ್ಲೇ, 'ನಂಬರ್ ಬಂತೇನಲೇ?'
ಇಲ್ಲವ್ವ, ಮಲಗು.
ಬಾಗಿಲ ಹಿಂದೆ ಇನ್ನೂ ಬಿಚ್ಚದ ಗಂಟು,
ಕತ್ತರಿ ಅದರ ಮೇಲೆಯೇ ಇದೆ.